ಹೊಸ ಪೈಪಿಗೆ ದುಡ್ಡು ಕೊಟ್ಟು ಹಳೆಯ ಪೈಪಿಗೆ ಬಣ್ಣ ಹೊಡೆಸಿಕೊಂಡು ಬಂದೆ

ಹಳೆಯ ಮಾರುತಿ ಜಿಪ್ಸಿಗೆ ಎಂಪಿಎಫ್‌ಐ ಎಂಜಿನ್ (ಕಾರ್ಬುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವಂಥದ್ದು) ಕೂರಿಸಲು ಹೊರಟವರು ಮೊದಲು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ. ನಾನು ಮೊದಲು ಕೊಟ್ಟೆ.

ನನ್ನದು 1998ರ ಕಾರ್ಬುರೇಟರ್ ಜಿಪ್ಸಿ ಕಿಂಗ್. 2000ದಲ್ಲಿ ಮಾರುತಿಯವರು ಅದೇ 1.3 ಲೀಟರಿಗೆ ಎಂಪಿಎಫ್‌ಐ ತಂದರಲ್ಲ, ಆ 16 ವಾಲ್ವಿನ ಎಂಜಿನ್ ಒಂದು ಸಿಕ್ಕಿತು. ಬೆಂಗಳೂರಿನ ಒಂದು ಗ್ಯಾರೇಜಿಗೆ ಕೆಲಸ ಒಪ್ಪಿಸಿದೆ. ಹೆಸರು ಹೇಳುವುದಿಲ್ಲ, ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಕಾರ್ಬುರೇಟರಿಗೆ ಪೆಟ್ರೋಲಿನ ಒತ್ತಡ ಕಾಲು ಬಾರ್ ಇದ್ದರೆ ಧಾರಾಳ. ಇಂಜೆಕ್ಟರುಗಳಿಗೆ ಹತ್ತಿರ ಹತ್ತಿರ 3 ಬಾರ್ ಬೇಕು. ಎಂಜಿನ್ ಕುಡಿದು ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗಬೇಕು. ನನ್ನ ಗಾಡಿಯ ಹೋಗುವ ಪೈಪು, ಬರುವ ಪೈಪು ಎರಡೂ ತುಕ್ಕು ತಿಂದಿದ್ದವು. "ಎರಡನ್ನೂ ಹೊಸದಾಗಿ ಎಳೆಯೋಣ ಸರ್, 8 ಎಂಎಂ ಸ್ಟೀಲ್, ಟ್ಯಾಂಕಿನಿಂದ ಎಂಜಿನ್‌ವರೆಗೆ ಒಂದೇ ತುಂಡು" ಎಂದರು ಮಾಲೀಕರು. ಪೈಪಿಗೆಂದೇ 9,500 ರೂಪಾಯಿ. ಚೌಕಾಸಿ ಕೂಡ ಮಾಡಲಿಲ್ಲ ನಾನು. ಪೆಟ್ರೋಲಿನ ವಿಷಯದಲ್ಲಿ ಜಿಪುಣತನ ಬೇಡ ಎಂದುಕೊಂಡೆ.

ಚಾಸಿಯ ಪಕ್ಕದಲ್ಲಿ ಮೂರನೆಯದೊಂದು ಪೈಪಿತ್ತು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು, ಅದನ್ನು ಹೀರಿಕೊಳ್ಳುವ ಮುಂದಿನ ಇದ್ದಿಲ ಡಬ್ಬಿಗೆ ಒಯ್ಯುತ್ತಿದ್ದದ್ದು. ಹಿಂದಿನ ಮಾಲೀಕ ಆ ಡಬ್ಬಿಯನ್ನು ಎಂದೋ ಕಿತ್ತೆಸೆದಿದ್ದ. ಪೈಪು ಮಾತ್ರ ವರ್ಷಗಟ್ಟಲೆ ಮುಂದಿನ ಬಾಯಿ ತೆರೆದುಕೊಂಡು ಬಿದ್ದಿತ್ತು. ಈ ಪೈಪನ್ನು ನೆನಪಿಟ್ಟುಕೊಳ್ಳಿ.

ಗಾಡಿ ಕೈಗೆ ಬಂದ ಮೊದಲ ವಾರ ಸ್ವರ್ಗ. ಎರಡನೆಯ ವಾರದಿಂದ ಪೆಟ್ರೋಲ್ ವಾಸನೆ. ನಿಂತಲ್ಲೇ ಓಡುವಾಗ ಎಂಜಿನ್ ಮುಗ್ಗರಿಸುವುದು, ಮಸಿ ಹಿಡಿದ ಪ್ಲಗ್ಗುಗಳು, ಲೀಟರಿಗೆ ಏಳು ಕಿಲೋಮೀಟರ್. ಟ್ಯಾಂಕಿನ ಮುಚ್ಚಳ ತೆಗೆದಾಗಲೆಲ್ಲ ಬುಸ್ಸೆಂದು ಹಾವಿನಂತೆ ಸದ್ದು. ಗ್ಯಾರೇಜಿಗೆ ಫೋನ್ ಮಾಡಿದರೆ "ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆಯಲ್ಲ ಸರ್, ಎಲ್ಲರದ್ದೂ ಇದೇ ದೂರು." ನಂಬಿದೆ. ಇಪ್ಪತ್ತು ದಿನ ನಂಬಿದೆ! ಹೆಂಡತಿ ಗಾಡಿ ಹತ್ತುವುದನ್ನೇ ಬಿಟ್ಟಳು. ನಾನು ಅವಳಿಗೆ ಎಥನಾಲಿನ ಪಾಠ ಹೇಳುತ್ತಿದ್ದೆ.

ಕೊನೆಗೆ ನಮ್ಮ ಬಡಾವಣೆಯ ಹಳೆಯ ಮೇಸ್ತ್ರಿಯ ಹತ್ತಿರ ಒಯ್ದೆ. ಅವರು ಹೆಚ್ಚು ಮಾತನಾಡುವವರಲ್ಲ. ಒತ್ತಡದ ಮೀಟರ್ ಜೋಡಿಸಿದರು: ನಿಂತಲ್ಲೇ 4.2 ಬಾರ್. ರಿಟರ್ನ್ ಪೈಪಿನ ಹೋಸನ್ನು ಮುಂದಿನ ತುದಿಯಲ್ಲಿ ಬಿಚ್ಚಿ ಒಂದು ಕ್ಯಾನಿನೊಳಗೆ ಬಿಟ್ಟರು. ಮುಳ್ಳು ಜಾರಿ 2.6ಕ್ಕೆ ಬಂದು ನಿಂತಿತು. "ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಸರಿ ಇದೆ. ವಾಪಸ್ ಹೋಗುವ ದಾರಿ ಕಟ್ಟಿದೆ" ಎಂದರು. ಹೊಸ ಪೈಪು ಹೇಗೆ ಕಟ್ಟುತ್ತದೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗಾಡಿಯ ಕೆಳಗೆ ಬನ್ನಿ ಎಂದರು.

ಕಪ್ಪು ಬಣ್ಣ ಮಿರಮಿರನೆ ಹೊಳೆಯುತ್ತಿತ್ತು. ನಾಣ್ಯದಿಂದ ಕೆರೆದರು. ಬಣ್ಣ ಹೊಪ್ಪಳಿಕೆಯಾಗಿ ಎದ್ದು, ಒಳಗಿಂದ ತುಕ್ಕು. ಇನ್ನಷ್ಟು ಮುಂದೆ ಕಂಪನಿಯವರದೇ ಕ್ಲಿಪ್ಪು, ಅದರ ಮೇಲೂ ಬಣ್ಣ. ಅಲ್ಲಿಂದ ಒಂದು ಗೇಣು ದೂರದಲ್ಲಿ ಯಾರೋ ಯಾವ ಕಾಲದಲ್ಲೋ ಜಾಕ್ ಇಟ್ಟು ಪೈಪನ್ನು ಹಪ್ಪಳದಂತೆ ಚಪ್ಪಟೆ ಮಾಡಿದ್ದರು. ಅದರ ಮೇಲೂ ಬಣ್ಣ! ಅದೇ ಮೂರನೆಯ ಪೈಪು. ಹೊಸ ರಿಟರ್ನ್ ಪೈಪೆಂದು ನಾನು ದುಡ್ಡು ಕೊಟ್ಟಿದ್ದು ಇದಕ್ಕೆ. ಅದರ ತುದಿಯನ್ನು ಗರಗಸದಲ್ಲಿ ಕತ್ತರಿಸಿ, ಹೋಸ್ ಜಾರದಂತೆ ತಡೆಯುವ ಉಬ್ಬನ್ನೂ ಮಾಡದೆ, ಬೋಳು ಪೈಪಿಗೇ ಹೋಸ್ ತೂರಿಸಿ ಕ್ಲಾಂಪ್ ಬಿಗಿದಿದ್ದರು. ಕ್ಲಾಂಪ್ ಒದ್ದೆ. ಒಂದು ಮೊಳ ಆಚೆಗೆ ಸೈಲೆನ್ಸರ್. ಟ್ಯಾಂಕಿನ ಆವಿ ಹೊರಡುವ ಮೂತಿಗೆ ಒಂದು ಬೋಲ್ಟ್ ಜಡಿದಿದ್ದರು, ಬುಸ್ಸೆನ್ನುತ್ತಿದ್ದದ್ದು ಅದಕ್ಕೆ. ಇಂಥ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದೆ ನಾನು.

ಗ್ಯಾರೇಜಿಗೆ ಹೋದೆ. ಸಿಕ್ಕ ಉತ್ತರಗಳು ಇವು.

"ಅದು ಕಂಪನಿ ಪೈಪು ಸರ್, ಮಾರ್ಕೆಟ್ಟಿನ ಪೈಪಿಗಿಂತ ಗಟ್ಟಿ."

ಹಾಗಾದರೆ ಹೊಸದರ ದುಡ್ಡು ಏಕೆ ತೆಗೆದುಕೊಂಡಿರಿ?

"ಬಿಲ್ಲಿನಲ್ಲಿ 'ಫ್ಯುಯೆಲ್ ಲೈನ್ 2' ಎಂದಿದೆ. 'ಹೊಸ' ಎಂದು ಎಲ್ಲಿದೆ, ನೀವೇ ತೋರಿಸಿ."

ತೋರಿಸಲಾಗಲಿಲ್ಲ. ಎಲ್ಲವೂ ಬಾಯಿಮಾತು. ಬಿಲ್ಲನ್ನು ಎರಡು ಸಲ ಓದಿದೆ, ಕೈ ನಡುಗುತ್ತಿತ್ತು. ದೂರು ಕೊಡುತ್ತೇನೆ ಎಂದೆ. ಆತ ಟೀ ಲೋಟ ಕೆಳಗಿಟ್ಟು, ಬಹಳ ಮರ್ಯಾದೆಯಿಂದಲೇ ಹೇಳಿದರು: "ಕೊಡಿ ಸರ್. ಆರ್‌ಸಿಯಲ್ಲಿ ಎಂಜಿನ್ ನಂಬರ್ ಯಾವುದಿದೆ ಎಂದು ಅವರೂ ಕೇಳುತ್ತಾರೆ."

ಆರ್‌ಸಿಯಲ್ಲಿ ಇನ್ನೂ ಹಳೆಯ ಎಂಜಿನ್ನಿನದೇ ನಂಬರ್. ಎಂಜಿನ್ ಬದಲಿಸುವ ಮೊದಲೇ ಆರ್‌ಟಿಒ ಅನುಮತಿ ಪಡೆಯಬೇಕಿತ್ತು. "ಆಮೇಲೆ ನಾವೇ ಮಾಡಿಸಿಕೊಡುತ್ತೇವೆ" ಎಂದಿದ್ದವರು ಇವರೇ! ನಾನು ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಇಲ್ಲಿ ಹೆಸರು ಬರೆಯದಿರುವುದಕ್ಕೂ ಅದೇ ಕಾರಣ. ನಾಚಿಕೆಯಾಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಸುಮ್ಮನೆ ಬಿದ್ದಿರುವ ಕಂಪನಿ ಪೈಪನ್ನು ಬಳಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಳಗಿನ ಅಳತೆ ಸಾಕಷ್ಟಿದ್ದು, ಗಾಳಿ ಊದಿ ನೋಡಿ, ಒತ್ತಡ ತುಂಬಿ ಸೋರದಿರುವುದನ್ನು ಖಾತ್ರಿ ಮಾಡಿಕೊಂಡು, ಟ್ಯಾಂಕಿನ ಆವಿಗೆ ಬೇರೆ ದಾರಿ ಕೊಟ್ಟರೆ ಅದು ಜಾಣ ಕೆಲಸವೇ. ಕೇಳಿದ್ದರೆ ನಾನೇ ಒಪ್ಪುತ್ತಿದ್ದೆನೇನೋ. ಕೇಳಲಿಲ್ಲ. ಬಣ್ಣ ಹೊಡೆದರು.

ಪೈಪು ಹಾಕುವಾಗ ಗಾಡಿಯ ಕೆಳಗೆ ನೀವೇ ನುಗ್ಗಿ ಫೋಟೊ ತೆಗೆಯಿರಿ, ಬಣ್ಣ ಹೊಡೆಯುವ ಮುನ್ನ. ಹೋಸಿನ ಮೇಲೆ ಅದರ ದರ್ಜೆ ಜೆ30 ಆರ್9 ಎಂದು ಅಚ್ಚಾಗಿದೆಯೇ ನೋಡಿ. ಆರ್7 ಎಂದಿದ್ದರೆ ಇಂಜೆಕ್ಷನ್ ಒತ್ತಡಕ್ಕೆ ಅದು ಬೇಡ. ಬಿಲ್ಲಿನಲ್ಲಿ "ಹೊಸ" ಎಂಬ ಪದ ಬರೆಸಿ. ಎರಡೇ ಅಕ್ಷರ, ನನಗೆ 9,500 ರೂಪಾಯಿ ಬಿತ್ತು.

ಮೇಸ್ತ್ರಿ ಹೊಸ ರಿಟರ್ನ್ ಪೈಪು ಎಳೆದುಕೊಟ್ಟರು. ಚಪ್ಪಟೆಯಾಗಿದ್ದ ತುಂಡನ್ನು ಕತ್ತರಿಸಿ ಮನೆಗೆ ತಂದಿದ್ದೇನೆ. ಅಲ್ಲಾಡಿಸಿದರೆ ಈಗಲೂ ತುಕ್ಕಿನ ಪುಡಿ ಉದುರುತ್ತದೆ. ಅದರ ಫೋಟೊವನ್ನು ಗ್ಯಾರೇಜಿನವರಿಗೆ ಕಳಿಸಿದೆ, ನೋಡಿ ಸುಮ್ಮನಾದರು. ಮೊನ್ನೆ ಅದೇ ನಂಬರಿನಿಂದ ಸಂದೇಶ ಬಂದಿದೆ: ಮಳೆಗಾಲದ ತಪಾಸಣೆ, ಹಳೆಯ ಗಿರಾಕಿಗಳಿಗೆ ರಿಯಾಯಿತಿ.