ಬಂಗಿಗೆ ಬಣ್ಣದ ಸನ್‌ಸ್ಕ್ರೀನ್: ಎರಡು ಬೇಸಿಗೆ ಬಳಸಿದ ಮೇಲೆ

ಬಂಗು ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆ. ದಾವಣಗೆರೆ ಬೇಸಿಗೆ ಗೊತ್ತಲ್ಲ, ಏಪ್ರಿಲ್ ಬಂತೆಂದರೆ 38-39 ಡಿಗ್ರಿ ಮಾಮೂಲು. ಯುಗಾದಿ ಹೊತ್ತಿಗೆ ನನ್ನ ಎರಡೂ ಕೆನ್ನೆ ಮೇಲೆ ಬಂಗು ಕಪ್ಪಗೆ ಹರಡಿಕೊಳ್ಳುತ್ತಿತ್ತು. ಈ ವರ್ಷ ಹರಡಲಿಲ್ಲ. ಪೂರ್ತಿ ಹೋಗಿಲ್ಲ, ಆದರೆ ತಿಳಿಯಾಗಿದೆ, ಅಂಚು ಮಸುಕಾಗಿದೆ. ನಮ್ಮ ಅತ್ತೆ ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಅವರೇ ಒಂದಿನ "ಏನವ್ವಾ, ಬಂಗು ಕಮ್ಮಿ ಆಗೇತಲ್ಲ, ಏನ್ ಹಚ್ತೀ?" ಅಂತ ಕೇಳಿದರು.

ನನಗೆ 47 ವರ್ಷ. ಆನಗೋಡು ಕಡೆ ಶಾಲೆ ಕೆಲಸ, ಸ್ಕೂಟಿಯಲ್ಲಿ ಓಡಾಟ. ಬೆಳಿಗ್ಗೆ ಹೋಗುವಾಗ ಬಿಸಿಲು ಮುಖಕ್ಕೆ. ಸಂಜೆ ದಾವಣಗೆರೆ ಕಡೆ ತಿರುಗಿದರೆ ಮತ್ತೆ ಮುಖಕ್ಕೆ. ಇಂಥ ಓಡಾಟದಲ್ಲಿ ಸಾದಾ ಸನ್‌ಸ್ಕ್ರೀನ್ ಸಾಲುತ್ತಿರಲಿಲ್ಲ, ಅದಕ್ಕೆ ಕಾರಣವೂ ಇದೆ. ಸಾದಾ ಕ್ರೀಮ್ ತಡೆಯುವುದು ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಕಿರಣಗಳನ್ನು. ಆದರೆ ಬಂಗನ್ನು ಕೆರಳಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿಗೂ ಪಾಲಿದೆ, ಅದರಲ್ಲೂ ಅದರ ನೀಲಿ ಭಾಗಕ್ಕೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೇಕು. ಕ್ರೀಮಿನ ಕಂದು ಬಣ್ಣ ಬರುವುದು ಅದರಿಂದಲೇ. ಹಾಗಾಗಿ ಈ ಬಣ್ಣವನ್ನು ಮೇಕಪ್ ಅಂದುಕೊಂಡು ಬಿಡಬೇಡಿ.

ಈಗ ಹಚ್ಚುವ ಕ್ರಮ. ಸ್ನಾನ ಆದ ಕೂಡಲೇ ಸನ್‌ಸ್ಕ್ರೀನ್, ಪೂಜೆ ಆಮೇಲೆ. ವಿಭೂತಿ ಮೊದಲಿಟ್ಟುಕೊಂಡರೆ ಹಣೆಗೆ ಕ್ರೀಮ್ ಹಚ್ಚಲು ಆಗುವುದಿಲ್ಲ. ಹಸಿ ಕ್ರೀಮಿನ ಮೇಲೆ ವಿಭೂತಿ ಎಳೆದರೆ ಮೆತ್ತಗಾಗಿ ಉಂಡೆಗಟ್ಟುತ್ತದೆ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಒಂದೊಂದು ಗೆರೆ ಹಿಂಡಿಕೊಳ್ಳುತ್ತೇನೆ. ಮುಖ, ಕುತ್ತಿಗೆ ಎರಡಕ್ಕೂ ಸೇರಿ ಅಷ್ಟು ಬೇಕು. ಎಲ್ಲ ಒಂದೇ ಸಲ ಮೆತ್ತಿದರೆ ಜಾರುತ್ತದೆ. ಮೊದಲು ಒಂದು ಬೆರಳಿನದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬೆರಳಿನದು. ಕೆನ್ನೆಯ ಎಲುಬಿನ ಮೇಲೆ, ಮೇಲ್ದುಟಿಯ ಮೇಲೆ ಉಜ್ಜುವುದಿಲ್ಲ, ಮೆಲ್ಲಗೆ ಒತ್ತುತ್ತೇನೆ. ಬಂಗು ಜಾಸ್ತಿ ಕೂರುವ ಜಾಗ ಅವೇ ಅಲ್ವಾ. ಕೈ ತೊಳೆದು, ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಡಬ್ಬಿಗೆ ತುಂಬಿಸುವಷ್ಟರಲ್ಲಿ ಕ್ರೀಮ್ ಕೂತಿರುತ್ತದೆ. ಬೆರಳಿನ ಹಿಂಭಾಗ ಕೆನ್ನೆಗೆ ತಾಗಿಸಿ ನೋಡುತ್ತೇನೆ. ಅಂಟದಿದ್ದರೆ ದೇವರ ಮುಂದೆ ಕೂರುತ್ತೇನೆ. ಆಗ ಎಳೆದ ವಿಭೂತಿಯ ಮೂರು ಗೆರೆ ಎಷ್ಟು ಚೆಂದ ಮೂಡುತ್ತವೆ ಗೊತ್ತಾ! ಹಿಂದೆ ಬಳಸುತ್ತಿದ್ದ ಬಿಳಿ ಸನ್‌ಸ್ಕ್ರೀನ್ ಮೇಲೆ ಈ ಗೆರೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಈ ಸಂತೋಷವನ್ನು ನಾನು ನಿರೀಕ್ಷಿಸಿರಲಿಲ್ಲ.

ಕೊರತೆ ಇಲ್ಲವೆಂದಲ್ಲ. ಹೆಲ್ಮೆಟ್ ಪಟ್ಟಿ ತಾಗುವ ಕಡೆ ಗಲ್ಲದ ಕೆಳಗೆ ಒರೆಸಿ ಹೋಗುತ್ತದೆ, ಶಾಲೆಗೆ ಹೋದ ಮೇಲೆ ಮತ್ತೆ ಹಚ್ಚಬೇಕು. ತಿಳಿ ಬಣ್ಣದ ಕಾಟನ್ ಕುಪ್ಪಸದ ಕೊರಳಂಚಿಗೆ ಕಲೆ ಆಗುತ್ತದೆ. ನೆನೆ ಹಾಕುವ ಮೊದಲೇ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಇವನ್ನೆಲ್ಲ ಸಹಿಸಿಕೊಳ್ಳಬಹುದು.

ಸಹಿಸಲು ಆಗದ್ದು ಒಂದಿದೆ. ಮೊದಲು ಟ್ಯೂಬಿನಲ್ಲಿ 50 ಗ್ರಾಂ ಇರುತ್ತಿತ್ತು, ಬೆಲೆ 599. ಈ ವರ್ಷ ಹೊಸ ಪೆಟ್ಟಿಗೆ ಬಂತು. ಮೇಲೆ ಹೊಳೆಯುವ ಅಕ್ಷರದಲ್ಲಿ ಪೆಪ್ಟೈಡ್, ಕೊಲಾಜೆನ್, ಹಯಲುರಾನಿಕ್ ಆಸಿಡ್, ವಿಟಮಿನ್ ಸಿ, ಹೀಗೆ ಮುಪ್ಪು ತಡೆಯುವ ಹೆಸರುಗಳ ಸಾಲೇ ಸಾಲು. ಬೆಲೆ ಅದೇ. ಒಳಗೆ 40 ಗ್ರಾಂ! ಅದನ್ನು ಪೆಟ್ಟಿಗೆಯ ಕೆಳಗಿನ ಮೂಲೆಯಲ್ಲಿ ಕನ್ನಡಕ ಹಾಕಿಕೊಂಡು ಹುಡುಕಬೇಕು. ಗ್ರಾಂಗೆ 12 ರೂಪಾಯಿ ಇದ್ದದ್ದು 15 ಆಯಿತು. ಕಂಪನಿಗೆ ಬರೆದೆ. ಹೊಸದು ಹಳೆಯದಕ್ಕಿಂತ ಚೆನ್ನಾಗಿದೆ ಎಂದು ಉತ್ತರ ಬಂತು, ಗ್ರಾಂ ಮಾತನ್ನು ಎತ್ತಲೇ ಇಲ್ಲ.

ಹತ್ತು ಗ್ರಾಂಗೆ ಇಷ್ಟು ಸಿಟ್ಟು ಯಾಕೆ ಅನ್ನಬಹುದು. ಸನ್‌ಸ್ಕ್ರೀನ್ ವಿಷಯದಲ್ಲಿ ಎಲ್ಲವೂ ನಿಂತಿರುವುದು ಪ್ರಮಾಣದ ಮೇಲೆ. ಎಸ್‌ಪಿಎಫ್ ಅಂದರೆ ಚರ್ಮ ಸುಡುವ ಅಲ್ಟ್ರಾವಯಲೆಟ್ ಬಿ ಕಿರಣದಿಂದ ಎಷ್ಟು ರಕ್ಷಣೆ ಅಂತ ಹೇಳುವ ಸಂಖ್ಯೆ. ಅದರ ಪರೀಕ್ಷೆ ಮಾಡುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ಕಡಲೆಕಾಳಿನಷ್ಟು ತೆಗೆದು ಮುಖವೆಲ್ಲ ಸವರಿಕೊಂಡರೆ ಟ್ಯೂಬಿನ ಮೇಲಿರುವ ಸಂಖ್ಯೆ ಮುಖಕ್ಕೆ ಸಿಗುವುದಿಲ್ಲ. ಎಸ್‌ಪಿಎಫ್ 30 ಇರುವುದು ಆ ಕಿರಣಗಳಲ್ಲಿ ಶೇ. 97ರಷ್ಟು ತಡೆದರೆ, 50 ಇರುವುದು ಶೇ. 98ರಷ್ಟು. ಆ ಒಂದರ ವ್ಯತ್ಯಾಸಕ್ಕಿಂತ ಧಾರಾಳವಾಗಿ ಹಚ್ಚುವುದು ಮುಖ್ಯ. ಟ್ಯೂಬು ಚಿಕ್ಕದಾದರೆ ಜನ ಏನು ಮಾಡುತ್ತಾರೆ? ಕಡಿಮೆ ಹಚ್ಚುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲೇ ನೋಡುತ್ತಿದ್ದೇನೆ, ತಿಂಗಳ ಕೊನೆಗೆ ಎರಡು ಬೆರಳು ಅರ್ಧ ಬೆರಳಾಗುತ್ತದೆ. ನಾನಂತೂ ಟ್ಯೂಬು ಖಾಲಿಯಾಯಿತು ಅನಿಸಿದಾಗ ಕತ್ತರಿಯಿಂದ ನಡುವೆ ಕತ್ತರಿಸುತ್ತೇನೆ. ಒಳಗೋಡೆಗೆ ಅಂಟಿಕೊಂಡದ್ದೇ ಇನ್ನೂ ಕೆಲವು ದಿನಕ್ಕೆ ಬರುತ್ತದೆ.

ಪೆಟ್ಟಿಗೆ ಮೇಲೆ ಸೇರಿಸಿದ ಆ ಹೆಸರುಗಳ ಮುಂದೆ ಎಲ್ಲೂ ಎಷ್ಟು ಅಂತ ಬರೆದಿಲ್ಲ. ಕೊಲಾಜೆನ್ ಕಣ ದೊಡ್ಡದು, ಚರ್ಮದ ಒಳಗೆ ಇಳಿಯುವುದಿಲ್ಲ. ಮೇಲೆ ಕೂತು ತೇವ ಹಿಡಿಯುತ್ತದೆ, ಅಷ್ಟೇ. ವಿಟಮಿನ್ ಸಿ ಒಳ್ಳೆಯದೇ, ಆದರೆ ಗಾಳಿ, ಬೆಳಕು, ಬಿಸಿ ಮೂರಕ್ಕೂ ಕೆಡುತ್ತದೆ. ಬೇರೆ ಕಡೆಯಿಂದ ತರಿಸಿದ ವಿಟಮಿನ್ ಸಿ ಸೀರಮ್ ಒಂದು ಪಾರದರ್ಶಕ ಬಾಟಲಿಯಲ್ಲಿ ಬಂದಿತ್ತು. ಬೇಸಿಗೆ ಮುಗಿಯುವ ಮೊದಲೇ ಚಹಾದ ಬಣ್ಣಕ್ಕೆ ತಿರುಗಿತು. ಕೊಳ್ಳುವುದಾದರೆ ಬೆಳಕು ಹೋಗದ ಚಿಕ್ಕ ಬಾಟಲಿ ಕೊಳ್ಳಿ, ಫ್ರಿಜ್‌ನಲ್ಲಿಡಿ. ನಿಯಾಸಿನಮೈಡ್, ಅಂದರೆ ವಿಟಮಿನ್ ಬಿ3ರ ಒಂದು ರೂಪ, ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ಬೆಲೆಯೂ ಕಡಿಮೆ. ಶೇ. 4-5 ಇದ್ದರೆ ಸಾಕು, 10ರ ಹಿಂದೆ ಹೋಗಬೇಕಾಗಿಲ್ಲ.

ಸುಕ್ಕಿಗೆ ನಿಜವಾಗಿ ಪುರಾವೆ ಇರುವುದು ವಿಟಮಿನ್ ಎ ಕುಟುಂಬಕ್ಕೆ. ಅದರಲ್ಲಿ ಟ್ರೆಟಿನಾಯಿನ್ ಔಷಧಿ, ವೈದ್ಯರ ಚೀಟಿ ಬೇಕು. ಅಮೆರಿಕದಲ್ಲಿ ಸಣ್ಣ ಸುಕ್ಕಿಗೆ ಅದನ್ನು 1995ರಲ್ಲೇ ಒಪ್ಪಿದ್ದಾರೆ. ಅಂಗಡಿಯಲ್ಲಿ ಸಿಗುವ ರೆಟಿನಾಲ್ ಚರ್ಮದೊಳಗೆ ಎರಡು ಹಂತ ದಾಟಿ ಅದೇ ರೂಪಕ್ಕೆ ಬರಬೇಕು, ಹಾಗಾಗಿ ನಿಧಾನ. ಇಲ್ಲಿ ಲೆಕ್ಕ ತಿರುಗಾ ಮುರುಗಾ. ಬಟಾಣಿಯಷ್ಟು ಸಾಕು. ನಾನು ವಾರಕ್ಕೆ ಎರಡು ರಾತ್ರಿ ಮಾತ್ರ ಹಚ್ಚುತ್ತೇನೆ, ಜಾಸ್ತಿಯಾದರೆ ಉರಿದು ಬಂಗೇ ಕೆರಳುತ್ತದೆ. ಗರ್ಭಿಣಿಯರಿಗೆ, ಮಗುವಿಗೆ ಪ್ರಯತ್ನಿಸುತ್ತಿರುವವರಿಗೆ ರೆಟಿನಾಲ್ ಬೇಡವೇ ಬೇಡ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಬಂಗು ಅಂದ ಕೂಡಲೇ ಕೆಲವು ಮೆಡಿಕಲ್ ಶಾಪುಗಳಲ್ಲಿ ಸ್ಟಿರಾಯ್ಡ್ ಬೆರೆತ ಕ್ರೀಮ್ ಕೊಟ್ಟುಬಿಡುತ್ತಾರೆ. ಕೆಲವೇ ವಾರದಲ್ಲಿ ಮುಖ ಬೆಳ್ಳಗಾಗುತ್ತದೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಕೂದಲು ಬರುತ್ತದೆ. ಚೀಟಿ ಇಲ್ಲದೆ ಇಂಥವನ್ನು ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ವೈದ್ಯರಿಗೆ ತೋರಿಸದೆ ತರಬೇಡಿ. ಗ್ರಂಧಿಗೆ ಅಂಗಡಿಯ ಬಾಕುಚಿ ಬೀಜದ ಪುಡಿಯೂ ಬೇಡ. ಸುಕ್ಕಿಗೆ ಹಚ್ಚುವ ಬಕುಚಿಯೋಲ್ ಎಂಬ ಸೀರಮ್ ಅದೇ ಬೀಜದ್ದು ಅಂತ ಹೇಳಿ ಪುಡಿ ಅರೆದು ಹಚ್ಚುವವರಿದ್ದಾರೆ. ಬೀಜದಲ್ಲಿ ಸೋರಲೆನ್ ಅನ್ನುವ, ಬಿಸಿಲಿಗೆ ಕೆರಳುವ ಅಂಶ ಕೂಡ ಇದೆ, ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ.

ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋದರೆ ಸಲಹೆಗಳ ಸಂತೆಯೇ ಸಿಗುತ್ತದೆ. ಮುಖಕ್ಕೆ ಯೋಗ, ಖಾಲಿ ಹೊಟ್ಟೆಗೆ ನಿಂಬೆ, ಹತ್ತು ಸಾವಿರ ಹೆಜ್ಜೆ, ಕೊಲಾಜೆನ್ ಪುಡಿ. ಅಲ್ಲೂ ನಾನು ಕೇಳುವುದು ಎಷ್ಟು ಅಂತಲೇ. ಹತ್ತು ಸಾವಿರ ಹೆಜ್ಜೆ ಅನ್ನುವುದು 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹುಟ್ಟಿದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ನಮ್ಮ ವಯಸ್ಸಿನ ಹೆಂಗಸರು ಬಿಡುವುದು ಈ ಎರಡನೆಯದನ್ನೇ. ಗರಡಿಮನೆಗಳ ಊರು ನಮ್ಮದು, ಬಸ್ಕಿ ಹೊಡೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿ ಚೀಲ ಎದೆಗೆ ಅವಚಿಕೊಂಡು ಕೂತು ಏಳುತ್ತೇನೆ. ಮಂಡಿ ನೋವು ಇರುವವರು ಕುರ್ಚಿ ಇಟ್ಟುಕೊಳ್ಳಿ.

ಕೊಲಾಜೆನ್ ಪುಡಿ ಡಬ್ಬಿಯ ಬೆಲೆ ನೋಡಿ ವಾಪಸ್ ಇಟ್ಟೆ. ಅದರಲ್ಲಿ ಟ್ರಿಪ್ಟೊಫಾನ್ ಅನ್ನುವ ಅಗತ್ಯ ಅಮೈನೋ ಆಮ್ಲವೇ ಇಲ್ಲ, ಅದು ಪೂರ್ಣ ಪ್ರೋಟೀನ್ ಅಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ದಿನಕ್ಕೆ ದೇಹದ ತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್, ಅಂದರೆ 60 ಕೆಜಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಸಿಗುತ್ತದೆ. ಉಳಿದ ದುಡ್ಡು ಸನ್‌ಸ್ಕ್ರೀನಿಗೆ.

ಅದಕ್ಕೇ ಹಾಕಲು ಕಾರಣವಿದೆ. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ 900ಕ್ಕೂ ಹೆಚ್ಚು ಜನರ ಕೈಯ ಹಿಂಭಾಗದ ಚರ್ಮವನ್ನು ನಾಲ್ಕೂವರೆ ವರ್ಷದ ಅಂತರದಲ್ಲಿ ಹೋಲಿಸಿ ನೋಡಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಮುಪ್ಪಿನ ಗುರುತು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24 ಕಡಿಮೆ ಇತ್ತು. 2013ರಲ್ಲಿ ಪ್ರಕಟವಾಯಿತು. ಪೆಟ್ಟಿಗೆ ಮೇಲಿನ ಯಾವ ಹೆಸರೂ ಬೇಕಾಗಿರಲಿಲ್ಲ ಅಲ್ಲಿ.

ಕ್ರೀಮಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಟ್ಯೂಬಿಗೆ ಒಂದೂವರೆ. ಬಂಗು ಇಲ್ಲದವರು ಇಷ್ಟು ದುಡ್ಡು ಕೊಡಬೇಡಿ. ಸಾದಾ ಎಸ್‌ಪಿಎಫ್ 30, ಪಿಎ (ಅಲ್ಟ್ರಾವಯಲೆಟ್ ಎ ಕಿರಣದಿಂದ ರಕ್ಷಣೆಯ ಗುರುತು) ಮುಂದೆ ಮೂರು ಪ್ಲಸ್ ಇರುವ ದೊಡ್ಡ ಟ್ಯೂಬು ತಗೊಂಡು ಧಾರಾಳವಾಗಿ ಹಚ್ಚಿ. ಬಂಗು ಇದ್ದರೆ ಐರನ್ ಆಕ್ಸೈಡ್ ಇದೆಯಾ ಅಂತ ಮೊದಲು ಓದಿ, ಆಮೇಲೆ ಬೆಲೆಯನ್ನು ಗ್ರಾಂನಿಂದ ಭಾಗಿಸಿ ನೋಡಿ. ಗ್ರಾಂಗೆ ಹತ್ತು ರೂಪಾಯಿ ಒಳಗೆ ಬಣ್ಣದ್ದು ಸಿಕ್ಕಿದವರು ದಯವಿಟ್ಟು ಕೆಳಗೆ ತಿಳಿಸಿ. ನನ್ನದು ಮುಗಿಯಲು ಬಂದಿದೆ.