ಹಳೇ ಯೆಜ್ಡಿಯ ಟ್ಯಾಂಕ್ ಕ್ರೋಮ್‌ಗೆ ಕೊಡುವವರು ಇದನ್ನು ಓದಿ ಆಮೇಲೆ ಕೊಡಿ

ಮೊದಲೇ ಹೇಳಿಬಿಡುತ್ತೇನೆ. ಹಳೇ ಜಾವಾ, ಯೆಜ್ಡಿ ಬೈಕ್ ಮನೆಯಲ್ಲಿ ಇಟ್ಟುಕೊಂಡಿರುವವರು ಅದರ ಪೆಟ್ರೋಲ್ ಟ್ಯಾಂಕನ್ನು ಕ್ರೋಮ್‌ಗೆ, ಪೇಂಟ್‌ಗೆ ಅಂತ ಮುಖ ನೋಡದವರಿಗೆ ಪಾರ್ಸೆಲ್ ಮಾಡಬೇಡಿ. ನಾನು ಮಾಡಿದೆ. ಹೋದದ್ದು ನಮ್ಮ ಟ್ಯಾಂಕ್. ಬಂದದ್ದು ಬೇರೆ ಯಾರದೋ ಟ್ಯಾಂಕ್.

ಗಾಡಿ ಅಪ್ಪನದು. ಯೆಜ್ಡಿ 250, 1984ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾವು ಮಂಡ್ಯದವರು. ಗಾಡಿ ಹುಟ್ಟಿದ್ದು ಪಕ್ಕದ ಮೈಸೂರಿನಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಈಗ ಒರಿಜಿನಲ್ ಸಾಮಾನು ಸಿಗೋದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು. ನಮ್ಮ ಗಾಡಿ ಹದಿನಾರು ವರ್ಷ ಹಿತ್ತಲಿನ ಶೆಡ್‌ನಲ್ಲಿ ನಿಂತಿತ್ತು. ಅಪ್ಪನಿಗೆ ಈಗ 74. ಇನ್ನೊಂದು ಸಲ ಅವರು ಓಡಿಸಲಿ ಅಂತ ಮನೆಯವರೆಲ್ಲ ಸೇರಿ ಕೈ ಹಾಕಿದೆವು.

ಭಾನುವಾರ ಬಂತು ಅಂದರೆ ಅಂಗಳದಲ್ಲಿ ಹಳೇ ಬೆಡ್‌ಶೀಟ್ ಹಾಸಿ ಕೂರುತ್ತಿದ್ದೆವು. ಅಮ್ಮ ಹಳೇ ಸೀರೆ ಚೂರನ್ನು ಡೀಸೆಲ್‌ನಲ್ಲಿ ಅದ್ದಿ ಹಬ್, ಎಂಜಿನ್ ಕವರ್ ಎಲ್ಲ ಉಜ್ಜಿದರು. ಮಾವ ವೈರಿಂಗ್ ನೋಡಿಕೊಂಡರು. ಎಂಟನೇ ಕ್ಲಾಸಿನ ಮಗಳು ಬಿಚ್ಚಿದ ನಟ್ಟು ಬೋಲ್ಟನ್ನೆಲ್ಲ ಡಬ್ಬಗಳಿಗೆ ಹಾಕಿ ಚೀಟಿ ಅಂಟಿಸಿದಳು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಅಂತ ಅಪ್ಪ ತೋರಿಸಿದಾಗ ಅವಳು ಹತ್ತು ಸಲ ಮಾಡಿಸಿ ನೋಡಿದಳು. ಎಂಜಿನ್ ಬೋರಿಂಗ್ ಮಂಡ್ಯದಲ್ಲೇ ಮಾಡಿಸಿದೆವು, ಎದುರಿಗೇ ನಿಂತು. ಅದರಲ್ಲಿ ಒಂದು ತೊಂದರೆಯೂ ಆಗಲಿಲ್ಲ.

ಉಳಿದದ್ದು ಟ್ಯಾಂಕ್. ಜುಲೈ ಎರಡನೇ ಭಾನುವಾರ ಜಾವಾ ಡೇ ಇರುತ್ತೆ ಅಲ್ವಾ, ಹಳೇ ಜಾವಾ, ಯೆಜ್ಡಿಯವರೆಲ್ಲ ಗಾಡಿ ತಂದು ಸೇರುವ ದಿನ, ಅಷ್ಟರಲ್ಲಿ ಮುಗಿಸಿ ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಅಂತ ನನ್ನ ಆಸೆ. ಆ ಅವಸರವೇ ನನ್ನನ್ನು ಕೆಡಿಸಿತು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಕೆಲಸದ ಫೋಟೋ ನೋಡಿದೆ. ಫಳಫಳ ಹೊಳೆಯುವ ಟ್ಯಾಂಕ್‌ಗಳು. ಫೋನ್ ಮಾಡಿದರೆ ಮಾತು ಬಹಳ ನಯ. ಕ್ರೋಮ್, ಮರೂನ್ ಪೇಂಟ್, ಬಂಗಾರದ ಗೆರೆ ಎಲ್ಲ ಸೇರಿ 15,500 ಅಂದರು. 9,000 ಅಡ್ವಾನ್ಸ್ ಹಾಕಿದೆ.

ಹದಿನೈದು ದಿನ ಅಂದಿದ್ದರು. ಎರಡೂವರೆ ತಿಂಗಳಾಯಿತು. ಒಂದು ಸಲ "ಪ್ಲೇಟಿಂಗ್ ಹುಡುಗ ಊರಿಗೆ ಹೋಗಿದಾನೆ ಸಾರ್." ಇನ್ನೊಂದು ಸಲ "ಮಳೆ ಸಾರ್, ಪೇಂಟ್ ಒಣಗ್ತಿಲ್ಲ." ಜಾವಾ ಡೇ ಮುಗಿದೇ ಹೋಯಿತು. ಕೊನೆಗೆ ಒಂದು ಫೋಟೋ ಬಂತು, ಪಕ್ಕದಿಂದ ತೆಗೆದದ್ದು. "ಬಾಕಿ ಹಾಕಿ, ಇವತ್ತೇ ಕಳಿಸ್ತೀನಿ." ಹಾಕಿದೆ. ಅಡಿಭಾಗದ ಫೋಟೋ ಕೇಳಲಿಲ್ಲ. ಒಂದೇ ಒಂದು ಫೋಟೋ ಕೇಳಿದ್ದರೆ ಸಾಕಿತ್ತು.

ಪಾರ್ಸೆಲ್ ಬಂದ ದಿನ ಎಲ್ಲರೂ ಸುತ್ತ ನಿಂತಿದ್ದೆವು. ನೋಡೋಕೆ ಚೆನ್ನಾಗೇ ಇತ್ತು. ಅಮ್ಮ "ಹೊಸದರ ಥರಾನೇ ಇದೆ" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಟ್ಯಾಂಕನ್ನು ತೊಡೆ ಮೇಲೆ ಇಟ್ಟುಕೊಂಡು ಅಡಿಗೆ ಕೈ ಹಾಕಿ ಬೆರಳಾಡಿಸಿದರು. ಮತ್ತೆ ಆಡಿಸಿದರು. ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. ನಮ್ಮ ಟ್ಯಾಂಕ್ ಹಿಂದೆ ಒಮ್ಮೆ ಅಡಿಯಲ್ಲಿ ಸೋರುತ್ತಿತ್ತು. ಪೆಟ್ರೋಲ್ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿಯ ಪಕ್ಕದಲ್ಲಿ ಹಿತ್ತಾಳೆ ಹಾಕಿ ಬೆಸುಗೆ ಮಾಡಿಸಿದ್ದರು. ಹಳೇ ನಾಲ್ಕಾಣೆಯಷ್ಟು ಅಗಲ, ಮುಟ್ಟಿದರೆ ಉಬ್ಬು ಗೊತ್ತಾಗುತ್ತಿತ್ತು.

"ಇದು ನಮ್ದಲ್ಲ ಕಣಪ್ಪ" ಅಂದರು.

ನಾನು ಏನು ಹೇಳಿದೆ ಗೊತ್ತಾ? "ಪಾಲಿಶ್ ಮಾಡುವಾಗ ಹೋಗಿರುತ್ತೆ ಬಿಡಪ್ಪ" ಅಂದೆ. ನಲವತ್ತು ವರ್ಷ ಆ ಟ್ಯಾಂಕ್ ಒರೆಸಿದ ಮನುಷ್ಯನಿಗೆ! ಆ ಮೋಸಗಾರನ ಪರವಾಗಿ ನನ್ನ ಅಪ್ಪನ ಎದುರು ನಾನೇ ಮಾತಾಡಿದೆ. ದುಡ್ಡು ಹೋದದ್ದಕ್ಕಿಂತ ಇದಕ್ಕೇ ನನಗೆ ಇವತ್ತಿಗೂ ನಾಚಿಕೆ ಆಗುತ್ತೆ.

ಮಗಳು ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಇಟ್ಟಳು. ಕ್ರೋಮ್ ಇರುವ ಕಡೆ ಹಿಡಿಯಿತು. ಮೇಲ್ಗಡೆ ಮರೂನ್ ಬಣ್ಣದ ಮೇಲೆ ಇಟ್ಟರೆ ಜಾರಿ ಬಿತ್ತು. ಒಳಗೆ ಬರೀ ಪುಟ್ಟಿ, ತೂತು ತಗ್ಗು ಮುಚ್ಚೋಕೆ ಬಳಿಯುವ ಪೇಸ್ಟ್. ಮಂಡಿ ಒತ್ತುವ ಕಡೆಯ ರಬ್ಬರ್ ಎತ್ತಿ ನೋಡಿದರೆ ಅಂಚಿನಲ್ಲಿ ಆಗಲೇ ಕ್ರೋಮ್ ಗುಳ್ಳೆ ಎದ್ದಿತ್ತು, ಅಡಿಯಲ್ಲಿ ತುಕ್ಕು. ಮೊದಲು ತಾಮ್ರ, ಆಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್ ಹಾಕಬೇಕು. ತುಕ್ಕು ತೆಗೆಯದೆ ಸುಮ್ನೆ ಮೇಲೆ ಹೊಳಪು ಕೊಟ್ಟಿದ್ದರು. ಎರಡು ಲೀಟರ್ ಪೆಟ್ರೋಲ್ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಅಡಿಯ ಜಾಯಿಂಟ್‌ನಿಂದ ತೊಟ್ಟಿಕ್ಕುತ್ತಿತ್ತು.

ಫೋನ್ ಮಾಡಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಕ್ರೋಮ್ ಆದ್ಮೇಲೆ ಎಲ್ಲಾ ಟ್ಯಾಂಕೂ ಬೇರೆ ಥರಾನೇ ಕಾಣುತ್ತೆ ಸಾರ್."

ಬೆಸುಗೆ ವಿಷಯ ಹೇಳಿದೆ. "ಅಪ್ಪನಿಗೆ ವಯಸ್ಸಾಗಿದೆ ಅಲ್ವಾ ಸಾರ್, ಮರೆತಿರ್ತಾರೆ."

ಹಳೇ ಫೋಟೋ ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಟ್ಯಾಂಕ್‌ಗಿಂತ ಇದೇ ಚೆನ್ನಾಗಿದೆ ಸಾರ್, ಯಾಕೆ ತಲೆ ಕೆಡಿಸ್ಕೊಳ್ತೀರಾ?"

ಓದಿದಿರಾ? ನಿಮ್ಮ ಟ್ಯಾಂಕ್‌ಗಿಂತ ಇದೇ ಚೆನ್ನಾಗಿದೆ! ಅಂದರೆ ಇದು ನಮ್ಮದಲ್ಲ ಅಂತ ಅವರ ಬಾಯಿಂದಲೇ ಬಂತು. ಅದನ್ನೇ ಹಿಡಿದು ಕೇಳಿದೆ. ತಕ್ಷಣ ದನಿ ಬದಲಾಯಿತು. "ಪ್ರೂಫ್ ಏನಿದೆ? ಟ್ಯಾಂಕ್ ಮೇಲೆ ನಂಬರ್ ಇದೆಯಾ? ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ." ಆಮೇಲೆ ಫೋನ್ ಎತ್ತಲಿಲ್ಲ. ಮಾರನೇ ದಿನ ಬ್ಲಾಕ್.

ಅವರ ಧೈರ್ಯ ಇರುವುದು ಇಲ್ಲೇ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತೆ, ಛಾಸಿಸ್ ನಂಬರ್ ಇರುತ್ತೆ. ಟ್ಯಾಂಕ್‌ಗೆ ಯಾವ ನಂಬರೂ ಇರುವುದಿಲ್ಲ. ಒಳ್ಳೆ ತಗಡಿನ ಕಂಪನಿ ಟ್ಯಾಂಕ್ ಇಟ್ಟುಕೊಂಡು, ತುಕ್ಕು ಹಿಡಿದದ್ದಕ್ಕೆ ಪುಟ್ಟಿ ಬಳಿದು ಕಳಿಸಿದರೆ ನಮ್ಮ ಹತ್ತಿರ ತೋರಿಸೋಕೆ ಏನಿದೆ?

ಸ್ಟೇಷನ್‌ಗೆ ಅರ್ಜಿ ಕೊಟ್ಟಿದ್ದೇನೆ, ಹಿಂಬರಹ ಸಿಕ್ಕಿದೆ. ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇನೆ. ಇನ್ನೂ ಏನೂ ಆಗಿಲ್ಲ.

ನೀವು ಕೊಡಲೇಬೇಕು ಅಂತಿದ್ದರೆ ನೀವೇ ತೆಗೆದುಕೊಂಡು ಹೋಗಿ ಕೊಡಿ. ಅಡಿಭಾಗ, ಒಳಭಾಗ, ಕಾಕ್ ಹತ್ತಿರ, ಎಲ್ಲದರ ಫೋಟೋ ಅವರ ಎದುರಿಗೇ ತೆಗೆಯಿರಿ. ಯಾರಿಗೂ ಕಾಣದ ಕಡೆ ಪಂಚ್‌ನಿಂದ ಸಣ್ಣ ಗುರುತು ಹಾಕಿ, ತೂತಾಗದ ಹಾಗೆ. ಟ್ಯಾಂಕ್ ಕೈಗೆ ಬಂದು, ಮ್ಯಾಗ್ನೆಟ್ ಇಟ್ಟು ನೋಡುವ ತನಕ ಬಾಕಿ ಒಂದು ರೂಪಾಯಿಯನ್ನೂ ಕೊಡಬೇಡಿ. ಮಾತು ನಯವಾಗಿದೆ ಅಂತ ನಂಬಬೇಡಿ. ಮನೆಯ ಹಿರಿಯರು ನಮ್ಮದಲ್ಲ ಅಂದರೆ ಅವರನ್ನು ನಂಬಿ.

ಹೋದ ವಾರ ಮಾವ ಒಂದು ಬಾಟಲಿಗೆ ಪೆಟ್ರೋಲ್, ಟೂ ಸ್ಟ್ರೋಕ್ ಎಂಜಿನ್‌ಗೆ ಹಾಕುವ ಟೂ ಟಿ ಆಯಿಲ್ ಬೆರೆಸಿ ಹ್ಯಾಂಡಲ್‌ಗೆ ನೇತು ಹಾಕಿ, ಪೈಪನ್ನು ಕಾರ್ಬೊರೇಟರ್‌ಗೆ ಕೊಟ್ಟರು. ನಾಲ್ಕನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಎರಡೂ ಸೈಲೆನ್ಸರ್‌ನಿಂದ ಹೊಗೆ ಬಂತು, ಅದೇ ಹಳೇ ಸದ್ದು. ಅಪ್ಪ ಆ ಖಾಲಿ ಜಾಗದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಸೆಕೆಂಡ್ ಹ್ಯಾಂಡ್ ಯೆಜ್ಡಿ ಟ್ಯಾಂಕ್ ಯಾರಾದರೂ ಮಾರೋಕೆ ತಂದರೆ ದಯವಿಟ್ಟು ತಿರುಗಿಸಿ ನೋಡಿ. ಕಾಕ್ ಪಕ್ಕದಲ್ಲಿ, ನಾಲ್ಕಾಣೆಯಷ್ಟು ಹಿತ್ತಾಳೆ ಬೆಸುಗೆ. ಕಂಡರೆ ಒಂದು ಮಾತು ತಿಳಿಸಿ, ಎಲ್ಲಿದ್ದರೂ ಬರುತ್ತೇನೆ.