ಸಿಗ್ನಲ್ ಫುಲ್, ನೆಟ್ ನಿಲ್: ಊರಿಗೆಲ್ಲ ವೈಫೈ ಹಾಕಿಸುವ ಮುನ್ನ ಓದಿ

ಊರಿಗೆಲ್ಲ ವೈಫೈ ಹಾಕಿಸಿ ಕೂಪನ್ ಮಾರುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಮ್ಮ ಊರಿನಲ್ಲಿ ಇಂಥದ್ದೇ ಹಾಕಿಸಿದಾಗ ಹಣ ಹಾಕಿದವರು ಒಬ್ಬರು. ಉಪಕರಣ, ಸಾಫ್ಟ್‌ವೇರ್, ಲಾಗಿನ್ ಪುಟ ಎಲ್ಲ ಸೇರಿಸಿ 'ಪ್ಯಾಕೇಜ್' ಎಂದು ಮಾರಿದ್ದು ಒಂದು ಕಂಪನಿ. ಅವರು ಹಾಕಿಕೊಟ್ಟು ಹೋದ ಮೇಲೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕಂಬ ಹತ್ತುವವನೂ ನಾನೇ, ಬೈಗುಳ ತಿನ್ನುವವನೂ ನಾನೇ. ಕಂಪನಿಯ ಹೆಸರು ಬೇಡ. ಇದೇ ಮಾತು ಹೇಳಿ ಮಾರುವವರು ಬೇಕಾದಷ್ಟಿದ್ದಾರೆ.

ಮಾರಾಟದವರು ಮೊದಲು ತೋರಿಸುವುದು ನಕ್ಷೆ. ಊರಿನ ತುಂಬ ಹಸಿರು ವೃತ್ತಗಳು, ಎಲ್ಲೂ ಸಂದಿಯಿಲ್ಲ. ಕಂಬದ ಮೇಲಿನ ವೈಫೈ ಪೆಟ್ಟಿಗೆಯ ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದಷ್ಟೇ ಆ ವೃತ್ತದ ಅರ್ಥ. ಫೋನಿನ ಸಿಗ್ನಲ್ ವಾಪಸ್ ಕಂಬಕ್ಕೆ ಮುಟ್ಟುತ್ತದೆಯೇ? ಅದು ನಕ್ಷೆಯಲ್ಲಿಲ್ಲ. ಫೋನಿನ ರೇಡಿಯೋಗೆ ಶಕ್ತಿ ಕಡಿಮೆ, ಆಂಟೆನಾ ಚಿಕ್ಕದು, ಮೇಲಿಂದ ಅದನ್ನು ಕೈ ಬೇರೆ ಮುಚ್ಚಿಕೊಂಡಿರುತ್ತದೆ. ವೈಫೈಯಲ್ಲಿ ಡೇಟಾ ಕಳಿಸಿದಾಗ 'ತಲುಪಿತು' ಎಂಬ ಉತ್ತರ ಬರಬೇಕು. ಬರದಿದ್ದರೆ ಪೆಟ್ಟಿಗೆ ಕಳಿಸಿದ್ದನ್ನೇ ಮತ್ತೆ ಕಳಿಸುತ್ತದೆ. ಮೈಕ್ ಹಿಡಿದವನ ಮಾತು ಬಯಲಿಗೆಲ್ಲ ಕೇಳುತ್ತದೆ, ಕೊನೆಯ ಸಾಲಿನವನ ಉತ್ತರ ವೇದಿಕೆಗೆ ಕೇಳುವುದಿಲ್ಲ. ಹಾಗಾಗಿ ನನಗೆ ಬರುತ್ತಿದ್ದ ದೂರು ಹೆಚ್ಚುಕಡಿಮೆ ಒಂದೇ: "ಸರ್, ಸಿಗ್ನಲ್ ಫುಲ್ ಇದೆ, ಏನೂ ಓಪನ್ ಆಗ್ತಿಲ್ಲ."

ಕಂಪನಿಗೆ ಹೇಳಿದರೆ 'ಪವರ್ ಜಾಸ್ತಿ ಮಾಡೋಣ' ಎಂದರು. ಪವರ್‌ಗೆ ಪ್ರತಿ ದೇಶದಲ್ಲೂ ಕಾನೂನಿನ ಮಿತಿ ಇದೆ ಎಂಬುದನ್ನು ಬಿಡಿ, ಮಿತಿಯೊಳಗೇ ಏರಿಸಿದರೂ ಕೆಲಸ ಕೆಟ್ಟಿತು. ಇನ್ನೂ ದೂರದ ಫೋನುಗಳು ಬಂದು ಅಂಟಿಕೊಂಡವು. ದೂರದ ಫೋನ್ ಮಾತಾಡುವುದು ತೀರ ನಿಧಾನದ ವೇಗದಲ್ಲಿ, ಅದು ಮಾತು ಮುಗಿಸುವವರೆಗೆ ಅದೇ ಚಾನೆಲ್ಲಿನ (ಒಂದೇ ತರಂಗ ದಾರಿಯ) ಉಳಿದವರೆಲ್ಲ ಕಾಯಬೇಕು. ಕಂಬದ ಬುಡದಲ್ಲೇ ಕೂತವರಿಗೂ ವೇಗ ಬಿತ್ತು.

'ಪ್ರತಿ ಕಂಬಕ್ಕೂ ಕೇಬಲ್ ಬೇಡ, ಎಲ್ಲ ಮೆಶ್' ಎಂಬುದು ಅವರ ಇನ್ನೊಂದು ಮಾತು. ಮೆಶ್ ಅಂದರೆ ಒಂದು ಕಂಬದ ಪೆಟ್ಟಿಗೆ ಇನ್ನೊಂದಕ್ಕೆ ಗಾಳಿಯಲ್ಲೇ ಡೇಟಾ ದಾಟಿಸುವುದು. ಒಂದೇ ರೇಡಿಯೋ ಇರುವ ಪೆಟ್ಟಿಗೆ ಕೇಳುವುದನ್ನೂ ಹೇಳುವುದನ್ನೂ ಒಟ್ಟಿಗೆ ಮಾಡಲಾರದು. ಒಂದು ಕಂಬದಿಂದ ಇನ್ನೊಂದಕ್ಕೆ ದಾಟಿದಾಗಲೆಲ್ಲ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂರನೆಯ ಕಂಬದ ಹೊತ್ತಿಗೆ ಎಷ್ಟು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ. ಅದರ ಮೇಲೆ ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಅವನ್ನು ಮನೆಮನೆಯ ರೂಟರ್‌ಗಳು ಆಗಲೇ ಹಿಡಿದು ಕೂತಿರುತ್ತವೆ. ಲೈಸೆನ್ಸ್ ಬೇಡದ ತರಂಗ, 'ನೀವು ಬಿಡಿ' ಎಂದು ಯಾರಿಗೂ ಹೇಳುವಂತಿಲ್ಲ. ಮರ ಚಿಗುರಿ ಎಲೆ ದಟ್ಟವಾದಾಗ ಕಡಿದುಹೋದ ಲಿಂಕುಗಳ ಕಥೆ ಬೇರೆ.

ಇದು ಹೊಸ ರೋಗವೇನಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರ 2004ರಲ್ಲಿ ಊರಿಡೀ ವೈಫೈ ಎಂದು ಘೋಷಿಸಿತು. ಅದನ್ನು ಕಟ್ಟಲು ಬಂದ ಇಂಟರ್ನೆಟ್ ಕಂಪನಿ ಅರ್ಥ್‌ಲಿಂಕ್ 2008ರಲ್ಲಿ ಕೈಬಿಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಕಂಪನಿ ಗೂಗಲ್ ಜೊತೆ ಸೇರಿ ಮಾಡಬೇಕಿದ್ದ ಯೋಜನೆ 2007ರಲ್ಲೇ ಮುರಿದುಬಿತ್ತು. ಅಷ್ಟು ದೊಡ್ಡವರಿಗೇ ಹೀಗಾದ ಮೇಲೆ, ಎರಡು ಪುಟದ ಕೊಟೇಶನ್ ಹಿಡಿದು ಬಂದವರು ಯಾವ ಮಂತ್ರ ಹಾಕುತ್ತಾರೆ ಎಂದು ಕೇಳಬೇಡವೇ?

ಲಾಗಿನ್ ಪುಟದ ಫಜೀತಿ ಮಾತ್ರ ನಾನು ಎಲ್ಲೂ ಓದಿರಲಿಲ್ಲ. ಅವರ ಸಾಫ್ಟ್‌ವೇರ್ ಕೂಪನ್ನನ್ನು ಫೋನಿನ ಮ್ಯಾಕ್ ವಿಳಾಸಕ್ಕೆ (ವೈಫೈಯಲ್ಲಿ ಫೋನನ್ನು ಗುರುತಿಸುವ ಸಂಖ್ಯೆಗೆ) ಕಟ್ಟುತ್ತಿತ್ತು. ಆದರೆ ಆಂಡ್ರಾಯ್ಡ್ 10 ಬಂದ 2019ರಿಂದ, ಐಒಎಸ್ 14 ಬಂದ 2020ರಿಂದ, ಫೋನುಗಳು ನಿಜವಾದ ವಿಳಾಸ ಮುಚ್ಚಿಟ್ಟು ಒಂದೊಂದು ವೈಫೈ ಹೆಸರಿಗೂ ಒಂದೊಂದು ವಿಳಾಸ ಹುಟ್ಟಿಸಿಕೊಳ್ಳುತ್ತವೆ. ಈ ಮಹಾಶಯರು ಪ್ರತಿ ಬಡಾವಣೆಯ ವೈಫೈಗೆ ಬೇರೆ ಬೇರೆ ಹೆಸರಿಟ್ಟಿದ್ದರು! ಮನೆ ಹತ್ತಿರ ಕೂಪನ್ ಹಾಕಿದವರು ಪೇಟೆಗೆ ಬಂದರೆ ಲಾಗಿನ್ ಪುಟ ಮತ್ತೆ ದುಡ್ಡು ಕೇಳುತ್ತದೆ. ಜನ ನಮ್ಮನ್ನು ಕಳ್ಳರು ಎಂದರು, ಅವರ ಜಾಗದಲ್ಲಿ ನಿಂತು ನೋಡಿದರೆ ತಪ್ಪೇನಿಲ್ಲ. ಇನ್ನೊಂದು ಕಡೆ, ಮ್ಯಾಕ್ ವಿಳಾಸ ಗಾಳಿಯಲ್ಲಿ ಬಿಚ್ಚಿಟ್ಟಂತೆಯೇ ಹೋಗುತ್ತದೆ. ದುಡ್ಡು ಕೊಟ್ಟವರ ವಿಳಾಸ ನಕಲು ಮಾಡಿಕೊಂಡು ಪುಕ್ಕಟೆ ಓಡಿಸಲು ಪುಕ್ಕಟೆ ಸಾಫ್ಟ್‌ವೇರೇ ಸಾಕು.

ಹೊರಗಿನಿಂದ ನಮಗೆ ಬರುವ ಮೂಲ ಇಂಟರ್ನೆಟ್ ಸಂಪರ್ಕಕ್ಕೂ ಕಂಪನಿಯವರು ಮನೆ ಬಳಕೆಯ ಪ್ಲಾನ್ ಹಾಕಿಸಿದ್ದರು, ಅದು ಅಗ್ಗ ಎಂದು. ಇಂಥ ಪ್ಲಾನ್‌ಗಳ ಷರತ್ತಿನಲ್ಲಿ ಮರುಮಾರಾಟ ಸಾಮಾನ್ಯವಾಗಿ ನಿಷಿದ್ಧ. ಗೊತ್ತಾದ ಕೂಡಲೇ ಪೂರೈಕೆದಾರರು ಕಡಿದರು, ಕೇಳಲು ಮುಖವಿರಲಿಲ್ಲ.

ಕೊನೆಗೆ ಉಸಿರು ಕಟ್ಟಿಸಿದ್ದು ಒಪ್ಪಂದ. ಕೂಪನ್ ಸರ್ವರ್ ಕಂಪನಿಯ ಕ್ಲೌಡ್‌ನಲ್ಲಿ. ಗ್ರಾಹಕರು ಕಟ್ಟಿದ ಹಣ ಮೊದಲು ಅವರ ಖಾತೆಗೆ, ಆಮೇಲೆ ನಮ್ಮ ಪಾಲು. ಪಾಲು ಬರುವುದು ತಡವಾಗುತ್ತ ಹೋಯಿತು, ವಾರ್ಷಿಕ ಶುಲ್ಕದ ಬಿಲ್ಲು ಮಾತ್ರ ಒಂದು ದಿನವೂ ತಡವಾಗಲಿಲ್ಲ. ಬಾಕಿ ಲೆಕ್ಕದಲ್ಲಿ ಜಗಳವಾದಾಗ ಅವರು ಸರ್ವರ್ ನಿಲ್ಲಿಸಿದರು. ಪೆಟ್ಟಿಗೆಗಳು ಹಣ ಹಾಕಿದವರದೇ, ಆದರೆ ಅವುಗಳನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್‌ಗೆ ಬೀಗ. ಬೇರೆ ಸಾಫ್ಟ್‌ವೇರ್ ಹಾಕಲು ಬರುವುದಿಲ್ಲ. ಯಾರು ಯಾವಾಗ ಬಳಸಿದರು ಎಂಬ ದಾಖಲೆಯೂ ಅವರ ಬಳಿಯೇ. ನಿಮ್ಮ ಸಂಪರ್ಕದಿಂದ ಯಾರಾದರೂ ಅಪರಾಧ ಮಾಡಿದರೆ ಪೊಲೀಸರು ಮೊದಲು ತಟ್ಟುವ ಬಾಗಿಲು ನಿಮ್ಮದೇ ಎಂಬುದು ನೆನಪಿರಲಿ.

ಆದ್ದರಿಂದ ಹಣ ಕೊಡುವ ಮೊದಲು ಒಂದೇ ಒಂದು ಕಂಬ ಹಾಕಿಸಿ. ಸಂಜೆ ಎಲ್ಲರೂ ನೆಟ್ ಬಳಸುವ ಹೊತ್ತಿಗೆ, ಅವರ ಲ್ಯಾಪ್‌ಟಾಪ್‌ನಲ್ಲಲ್ಲ, ಸಾಧಾರಣ ಫೋನಿನಲ್ಲಿ, ಮನೆಯೊಳಗಿನ ಕೋಣೆಯಲ್ಲಿ ಕೂತು ಒಂದು ವಿಡಿಯೋ ಅಪ್‌ಲೋಡ್ ಮಾಡಿ ನೋಡಿ. ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಅಡ್ಮಿನ್ ಪಾಸ್‌ವರ್ಡ್, ಗ್ರಾಹಕರ ಪಟ್ಟಿ, ಬಳಕೆಯ ದಾಖಲೆ ನಿಮ್ಮ ಕೈಗೆ ಎಂದು ಬರೆಸಿಕೊಳ್ಳಿ. ಹಣ ನೇರ ನಿಮ್ಮ ಖಾತೆಗೆ ಬರಲಿ. ಇದಕ್ಕೆ ಒಪ್ಪದವರಿಗೆ ನಮಸ್ಕಾರ ಹೇಳಿ ಕಳಿಸಿ.

ನಮ್ಮಲ್ಲಿ ಈಗ ಉಳಿದಿರುವುದು ಜನ ಕೂತು ಕಾಯುವ ಕೆಲವೇ ಜಾಗಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ಕೇಬಲ್ ಎಳೆದಿದ್ದೇವೆ, ಚೆನ್ನಾಗಿ ನಡೆಯುತ್ತಿವೆ, ಲಾಭ ಅಷ್ಟಕ್ಕಷ್ಟೇ. ಆ ಕಂಪನಿ ಇವತ್ತಿಗೂ ತನ್ನ 'ಯಶಸ್ವಿ ಯೋಜನೆ'ಗಳಲ್ಲಿ ನಮ್ಮ ಊರನ್ನು ತೋರಿಸುತ್ತಿದೆ. ನಿಮಗೂ ಇಂಥ ಪಟ್ಟಿ ತೋರಿಸಿದರೆ, ಅವರು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ಆ ಊರಿಗೇ ಹೋಗಿ, ಕಂಬದ ಕೆಳಗೆ ನಿಂತು ಕೂಪನ್ ಕೊಂಡು ನೋಡಿ.